ಒಳಗಿನಿಂದ ಒಳಕ್ಕೇ ಬರುವ ಕರೆ

ಮೇ ೫, ಸೋಮವಾರ

ಪೂರ್ಣ ಹೆಸರು ಕೇಳಿದಳು. ಸೇವಾಪುಸ್ತಕದಲ್ಲಿರುವಂತೆಯೇ ಹೇಳಿದೆ — ಊರು, ತಂದೆಯವರ ಹೆಸರು, ನನ್ನ ಹೆಸರು, ಪದವಿ. ಪ್ರೌಢಶಾಲಾ ಗಣಿತ ಶಿಕ್ಷಕಿಯಾಗಿ ಮೂವತ್ತಮೂರು ವರ್ಷದ ಸೇವೆ ಎಂಬುದನ್ನೂ ಸೇರಿಸಿದೆ. ಕಂಪ್ಯೂಟರಿನಲ್ಲಿ ಹೆಸರು ತುಂಬುವ ಪೆಟ್ಟಿಗೆಯಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲವಂತೆ. ಕೊನೆಗೆ ಪರದೆಯ ಮೇಲೆ ಉಳಿದದ್ದು ‘ಸಂಜೆ ಮೇಜು’. ಅಷ್ಟೇ.

ಕೇಳಿದವಳು ಸರ್ವರ್ ನೋಡಿಕೊಳ್ಳುವ ಹುಡುಗಿ. ಹುಡುಗಿಯೆಂದೆ, ಎರಡು ಮಕ್ಕಳ ತಾಯಿ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಸರ್ವರಮ್ಮ. ಕರೆಗಳನ್ನು ಮೇಜುಗಳಿಗೆ ಹಂಚುವ ಹೊಸ ಸರ್ವರ್ ಬಂದಂದಿನಿಂದ ನನ್ನ ಮೇಜಿಗೆ ಕರೆಗಳೇ ಇಲ್ಲ. ಶಾಲೆ ಬಿಟ್ಟ ದೊಡ್ಡವರು ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಲು ಈ ಪಾಠ ಕಂಪನಿಗೆ ಸೇರುತ್ತಾರೆ. ಸಂಜೆ ಫೋನ್ ಮಾಡಿದರೆ ಲೆಕ್ಕ ಬಿಡಿಸಿಕೊಡುವವಳು ನಾನು. ಮೊದಲು ಒಂದು ಕರೆ ಮುಗಿಯುವಷ್ಟರಲ್ಲಿ ಇನ್ನೊಂದು. ಈಗ ಪೆನ್ಸಿಲ್ ಹೆರೆಯುತ್ತ ಕೂರುವುದೇ ಉದ್ಯೋಗ.

ಆದ್ದರಿಂದ ಈ ಮಾನಿಟರಿಂಗ್. ಯಾರೂ ದೂರುವ ಮುನ್ನವೇ ದೋಷ ತಿಳಿಯಬೇಕೆಂಬುದು ಉದ್ದೇಶ. ಒಳ್ಳೆಯ ಉದ್ದೇಶ. ನಾನೂ ಉತ್ತರಪತ್ರಿಕೆ ಬರುವವರೆಗೆ ಕಾದವಳಲ್ಲ. ಮುಖ ನೋಡಿಯೇ ತಿಳಿಯುತ್ತಿದ್ದೆ.

ಹತ್ತು ನಿಮಿಷಕ್ಕೊಮ್ಮೆ ಯಂತ್ರವೇ ಪ್ರತಿ ಮೇಜಿಗೂ ಕರೆ ಮಾಡುತ್ತದೆ. ಗಂಟೆ ಬಾರಿಸಿದರೆ ಫಲಕದಲ್ಲಿ ಹಸಿರು ದೀಪ. ಇಲ್ಲವಾದರೆ ಕೆಂಪು, ಕೂಡಲೇ ಅವಳ ಮೊಬೈಲಿಗೆ ಅಲರ್ಟ್. ಮೊದಲ ಕರೆಯನ್ನು ತಿಳಿಯದೆ ಎತ್ತಿದೆ — ನಮಸ್ಕಾರ, ಗಣಿತ ವಿಭಾಗ, ನಿಮ್ಮ ಪ್ರಶ್ನೆ ಹೇಳಿ... ಆ ಕಡೆ ಮೌನ. ಸರ್ವರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

“ಅದಕ್ಕೆ ಲೆಕ್ಕ ಬರಲ್ಲ ಟೀಚರ್, ಎಣಿಸೋದಷ್ಟೇ ಬರುತ್ತೆ.”

ಮೇ ೭, ಬುಧವಾರ

ಫಲಕವನ್ನು ಗೋಡೆಗೆ ಹಾಕಿದ್ದಾರೆ. ಮೇಜಿಗೊಂದು ದೀಪ. ಎಲ್ಲವೂ ಹಸಿರು. ಮ್ಯಾನೇಜರ್ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಆಮೇಲೆ ನನ್ನ ಮೇಜಿನ ಬಳಿ ಬಂದು, ನಿಂತೇ ಮಾತಾಡಿದರು. ಇನ್ನು ಸರ್ವರ್ ಅನ್ನು ದೂರುವಂತಿಲ್ಲವಂತೆ. ಇದೆಲ್ಲ ಸರಿಯಿದ್ದೂ ಕರೆ ಬಾರದಿದ್ದರೆ ಈ ತಿಂಗಳ ಕೊನೆಗೆ ಸಂಜೆ ಮೇಜು ಮುಚ್ಚುವ ಆಲೋಚನೆಯಂತೆ. ಈಗಿನವರು ವಿಡಿಯೋ ನೋಡಿ ಕಲಿಯುತ್ತಾರಂತೆ. ಕೇಳಿಸಿಕೊಂಡೆ. ಪೆನ್ಸಿಲ್ ಕೆಳಗಿಡಲಿಲ್ಲ.

ಮೇ ೧೩, ಮಂಗಳವಾರ

ನನ್ನಲ್ಲಿ ಲೆಕ್ಕ ಕಲಿಯುತ್ತಿದ್ದ ದರ್ಜಿಯ ಕರೆ ಇಂದೂ ಇಲ್ಲ. ಅಂಗಡಿಯ ಶಟರ್ ಎಳೆದ ಕೂಡಲೇ ಫೋನ್ ಮಾಡುತ್ತಿದ್ದಳು. ಎಳೆಯುವ ಸದ್ದು ನನಗೂ ಕೇಳಿಸುತ್ತಿತ್ತು. ನಲವತ್ತು ದಾಟಿದ ಹೆಂಗಸು. ಗಣಿತದಲ್ಲಿ ಎರಡು ಸಲ ಹೋಗಿದೆ. ಬಟ್ಟೆಯ ಮೇಲೆ ಕೂದಲೆಳೆಯಷ್ಟೂ ತಪ್ಪದ ಕೈ, ಸಮೀಕರಣ ಕಂಡರೆ ನಡುಗುತ್ತದೆ. ಈ ಸಲ ದಾರಿಗೆ ಬರುತ್ತಿದ್ದಳು. ಅಪವರ್ತನ ತಾನೇ ಮಾಡಿ ಒಪ್ಪಿಸಿದ ದಿನ, ಅಡಗಿಸಲು ನೋಡಿದರೂ ನಗು ಕೇಳಿಸಿತ್ತು.

ಹೇಳದೆ ಕೇಳದೆ ಬಿಟ್ಟುಬಿಟ್ಟಳು. ಜೂನ್ ೯ಕ್ಕೆ ಪರೀಕ್ಷೆ. ಅಂಗಡಿ ಅಗ್ನಿಶಾಮಕ ಠಾಣೆಯ ಎದುರು ಎಂದು ಒಮ್ಮೆ ಹೇಳಿದ್ದಳು. ಆದರೆ ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವ ಪದ್ಧತಿ ನನ್ನದಲ್ಲ.

ಯಂತ್ರ ಮಾತ್ರ ತಪ್ಪದೆ ಕರೆಯುತ್ತದೆ. ಪ್ರತಿ ಸಲವೂ ಎತ್ತುತ್ತೇನೆ. ಪಕ್ಕದ ಮೇಜಿನವರು ನೋಡುತ್ತಾರೆ... ನೋಡಲಿ.

ಮೇ ೧೬, ಶುಕ್ರವಾರ

ಮನೆಯಲ್ಲಿ ತಂಗಿಯ ಮಾತು: “ಅಕ್ಕ, ನಿನ್ನ ದನಿಗೆ ಹೆದರಿ ಅವರೆಲ್ಲ ವಿಡಿಯೋಗೆ ಓಡಿದ್ದಾರೆ. ವಿಡಿಯೋ ತಿರುಗಿ ಬಯ್ಯಲ್ಲ ನೋಡು.” ಅನ್ನ ತಟ್ಟೆಯಲ್ಲೇ ಉಳಿಯಿತು. ಆಡಿದ್ದು ಹೆಚ್ಚಾಯಿತೆಂದು ಅವಳಿಗೂ ಅನ್ನಿಸಿರಬೇಕು; ಮಜ್ಜಿಗೆ ತಂದಿಟ್ಟಳು.

ಕಟುವಾಗಿದ್ದೆನೇ? ಉತ್ತರ ಸರಿಯಿದ್ದರೂ ಹಂತ ಬಿಟ್ಟರೆ ಒಪ್ಪುತ್ತಿರಲಿಲ್ಲ. ಅದು ಕಟುತ್ವವಲ್ಲ.

ಮೇ ೨೪, ಶನಿವಾರ

ಪರೀಕ್ಷೆಗೆ ಹೆಸರು ಕೊಡಲು ಇಂದು ಕೊನೆಯ ದಿನ. ದರ್ಜಿ ಕೊಟ್ಟಿರುತ್ತಾಳೆ. ಅಷ್ಟಕ್ಕೆ ನಾನೇಕೆ ಬೇಕು.

ಮೇ ೨೬, ಸೋಮವಾರ

ಮನೆಗೆ ಬಂದರೆ ತಂಗಿ ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಮುಖ ಗಡಿಗೆ. ಬೀಗದ ಕೈ ನನ್ನ ಚೀಲದಲ್ಲೇ ಬಂದುಬಿಟ್ಟಿತ್ತು. ಕೆಲಸದ ಹೊತ್ತಿನಲ್ಲಿ ಮೊಬೈಲ್ ಬಂದ್ ಮಾಡುವುದು ನನ್ನ ನಿಯಮ. ಆದ್ದರಿಂದ ಮೇಜಿನ ನಂಬರಿಗೇ ಮಾಡಿದಳಂತೆ. ಮತ್ತೆ ಮತ್ತೆ ಮಾಡಿದಳಂತೆ.

“ಅಷ್ಟು ಹೊತ್ತು ರಿಂಗ್ ಆಗ್ತಾನೇ ಇತ್ತು. ಎತ್ತೋಕೆ ಏನಾಗಿತ್ತು ನಿನಗೆ?”

ರಿಂಗ್ ಆಗಲಿಲ್ಲ. ನಾನು ಮೇಜು ಬಿಟ್ಟು ಏಳಲಿಲ್ಲ. ಯಂತ್ರದ ಕರೆ ಬಿಟ್ಟು ಬೇರೊಂದಿಲ್ಲ.

ಬೀಗ ತೆಗೆದು ಅವಳನ್ನು ಒಳಗೆ ಬಿಟ್ಟೆ.

ಮೇ ೨೭, ಮಂಗಳವಾರ

ಮ್ಯಾನೇಜರಿಗೆ ಹೇಳಿದೆ. ಫಲಕದ ಕಡೆ ಗಲ್ಲ ಎತ್ತಿ ತೋರಿಸಿದರು. ಕೂತಲ್ಲಿಂದಲೇ ಮೊಬೈಲ್ ತೆಗೆದು ನನ್ನ ಮೇಜಿಗೆ ಕರೆ ಮಾಡಿದರು, ಬಾರಿಸಿತು. ತಂಗಿಯವರು ನಂಬರ್ ತಪ್ಪಿ ಒತ್ತಿರಬೇಕು ಎಂದರು.

ಸರ್ವರಮ್ಮನನ್ನು ಹಿಡಿದು ಕೂರಿಸಿದೆ. ನಿನ್ನ ಯಂತ್ರ ಎಲ್ಲಿಂದ ಕರೆಯುತ್ತದೆ, ಹಂತ ಹಂತವಾಗಿ ಬರೆ ಎಂದೆ. ಬರೆದಳು. ಸರ್ವರ್ ಕೋಣೆಯಿಂದ ಹೊರಟು ಮೇಜಿಗೆ ಬರುತ್ತದೆ. ಮ್ಯಾನೇಜರ್ ಅವರದೂ ಹಾಗೆಯೇ. ಅವರ ಮೊಬೈಲಿನಲ್ಲಿರುವುದು ಕಚೇರಿಯ ಆ್ಯಪ್. ಹೊರಗಿನವರ ಕರೆ ಬರುವ ದಾರಿ ಬೇರೆ, ಟೆಲಿಫೋನ್ ಕಂಪನಿಯ ತಂತಿ ಕಟ್ಟಡದೊಳಕ್ಕೆ ಬರುವ ಕಡೆ ಇರುವ ಪೆಟ್ಟಿಗೆಯ ಮೂಲಕ. ಅದನ್ನು ಪರೀಕ್ಷಿಸುವುದು ಸರ್ವರ್ ನೋಡಿಕೊಳ್ಳುವವರ ಒಪ್ಪಂದದಲ್ಲಿ ಇಲ್ಲವಂತೆ.

ಅಂದರೆ ಇಷ್ಟು ದಿನ ಒಳಗಿನವರು ಒಳಗಿನವರನ್ನೇ ಕೂಗಿ, ಕೇಳಿಸಿತೆಂದು ಅಂಕ ಕೊಟ್ಟುಕೊಂಡಿದ್ದಾರೆ. ನಾನೇ ಪ್ರಶ್ನೆ ಕೇಳಿ, ನಾನೇ ಉತ್ತರಿಸಿ, ತರಗತಿಗೆಲ್ಲ ಪ್ರಥಮ ದರ್ಜೆ ಹಾಕಿದಂತೆ.

ಹೋಗಿ ರಸ್ತೆಯಿಂದ ಮಾಡು ಎಂದೆ. ಆ್ಯಪ್ ಬಂದ್ ಮಾಡಿಕೊಂಡು ಇಳಿದು ಹೋದಳು. ಕಿಟಕಿಯಿಂದ ಕಾಣುತ್ತಿದ್ದಳು, ಮೊಬೈಲ್ ಕಿವಿಗಿಟ್ಟು, ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡು. ಬಹಳ ಹೊತ್ತು ನಿಂತಿದ್ದಳು. ನನ್ನ ಮೇಜು ಸುಮ್ಮನಿತ್ತು. ಫಲಕ ಹಸಿರು.

ಮೇಲೆ ಬಂದಾಗ ಮುಖ ಸಣ್ಣದಾಗಿತ್ತು. “ರಿಂಗ್ ಕೇಳಿಸ್ತಿದೆ ಟೀಚರ್. ಚೆನ್ನಾಗೇ ಕೇಳಿಸ್ತಿದೆ.”

ಮೇ ೩೦, ಶುಕ್ರವಾರ

ಕಾರಣ ಹುಡುಕಿದಳು. ಆ ಪೆಟ್ಟಿಗೆಯಲ್ಲಿ ಹಳೆಯ ಸರ್ವರಿನ ವಿಳಾಸವೇ ಉಳಿದಿದೆ. ಹಳೆಯದು ಮೂಲೆಯಲ್ಲಿ ಇನ್ನೂ ಚಾಲೂ ಇದೆ, ಆರಿಸಲು ಮರೆತಿದ್ದಾರೆ. ಹೊರಗಿನ ಕರೆಗಳೆಲ್ಲ ಅಲ್ಲಿಗೆ ಹೋಗಿ, ಒಂದು ಮೇಜೂ ಇಲ್ಲದ ಜಾಗದಲ್ಲಿ ಬಾರಿಸುತ್ತಿವೆ. ಹಗಲಿನ ಮೇಜಿನವರಿಗೆ ಹೊರಗಿನವರು ಮೊಬೈಲಿಗೇ ಮಾಡುತ್ತಾರೆ. ಈ ನಂಬರನ್ನು ನೆಚ್ಚಿಕೊಂಡದ್ದು ಸಂಜೆ ಮೇಜು ಒಂದೇ.

ಟೆಲಿಫೋನ್ ಕಂಪನಿಗೆ ದೂರು ಹೋಗಿದೆ. ಫಲಕದ ಚಿತ್ರ ಕಳಿಸಿ ಎಂದರಂತೆ. ಎಲ್ಲ ಹಸಿರೇ ಇದೆಯಲ್ಲ, ತುರ್ತು ಏನು ಎಂದು ಕೇಳಿದರಂತೆ.

ಮ್ಯಾನೇಜರ್ ಹೇಳಿದ್ದು: ಸಂಜೆ ಮೇಜು ಮುಚ್ಚುವ ತೀರ್ಮಾನ ಮೇಲಿನವರದು, ಕರೆಗಳ ಸಂಖ್ಯೆ ನೋಡಿಯೇ ಆದದ್ದು. ಇನ್ನೂ ಹತ್ತು ದಿನ ಕೊಟ್ಟಿದ್ದಾರೆ, ನನ್ನ ಹಿರಿತನ ನೋಡಿ. ಸಂಖ್ಯೆಯೇ ತಪ್ಪು ಎಂದೆ. ತಪ್ಪಾದರೂ ಮೇಲೆ ಹೋಗಿಯಾಯಿತು ಮೇಡಂ ಎಂದರು.

ಜೂನ್ ೨, ಸೋಮವಾರ

ಹೋದೆ. ಅಗ್ನಿಶಾಮಕ ಠಾಣೆಯ ಎದುರು, ಎರಡು ಅಂಗಡಿಗಳ ನಡುವೆ ಹೊಲಿಗೆ ಯಂತ್ರ ಇಡುವಷ್ಟೇ ಜಾಗ. ಮುಖ ಪರಿಚಯವಿಲ್ಲ. ನಮಸ್ಕಾರ ಎಂದ ಕೂಡಲೇ ಯಂತ್ರ ನಿಲ್ಲಿಸಿ ಎದ್ದು ನಿಂತಳು. ದನಿಯಿಂದಲೇ.

ಸ್ಟೂಲ್ ಒರೆಸಿ ಕೊಟ್ಟಳು. ಚಹಾ ತರಿಸಿದಳು. ಫೋನಿನ ವಿಷಯವೆಲ್ಲ ಹೇಳಿದೆ — ಸರ್ವರ್, ಪೆಟ್ಟಿಗೆ, ಹಳೆಯ ವಿಳಾಸ. ತಲೆ ತಗ್ಗಿಸಿ ಕೇಳಿದಳು, ಮಡಿಲಲ್ಲಿದ್ದ ಬಟ್ಟೆಯ ಅಂಚು ನೇವರಿಸುತ್ತ. ದಿನಾ ಮಾಡುತ್ತಿದ್ದಳಂತೆ. ಅಪವರ್ತನ ಒಪ್ಪಿಸಿದ ಮರುದಿನದಿಂದಲೇ ನಾನು ಎತ್ತಿಲ್ಲವಂತೆ. ಅಂದು ತಾನು ನಕ್ಕದ್ದು ತಪ್ಪಾಯಿತೇನೋ ಎಂದೂ ಯೋಚಿಸಿದಳಂತೆ.

ಪರೀಕ್ಷೆಗೆ ಹೆಸರು ಕೊಟ್ಟೆಯಾ ಎಂದೆ.

“ಇಲ್ಲ ಟೀಚರ್. ನೀವೇ ಎತ್ತದ ಮೇಲೆ, ನನ್ನ ಕೈಲಿ ಆಗಲ್ಲ ಅಂತ ನಿಮಗೆ ಗೊತ್ತಾಗಿದೆ, ಬಾಯಿಬಿಟ್ಟು ಹೇಳೋಕೆ ಸಂಕೋಚ ಅಂದ್ಕೊಂಡೆ.”

ಚಹಾ ಆರಿತು. ಮುಂದಿನ ವರ್ಷ ಕಟ್ಟೋಣ ಎಂದೆ. ಹೂಂ ಎಂದಳು. ತರಗತಿಯಲ್ಲಿ ಆ ಹೂಂ ಎಷ್ಟು ಕೇಳಿದ್ದೇನೆ... ಅದರ ಅರ್ಥ ನನಗೆ ಗೊತ್ತು. ಗಣಿತದ ಪುಸ್ತಕ ಕಪಾಟಿನ ತಳದಲ್ಲಿತ್ತು, ಅದರ ಮೇಲೆ ಲೈನಿಂಗ್ ಬಟ್ಟೆಯ ರಾಶಿ.

ಮೇ ೧೩ರಂದೇ ಬಂದಿದ್ದರೆ.

ಜೂನ್ ೪, ಬುಧವಾರ

ಕಂಪನಿಯ ಅಧ್ಯಕ್ಷರಿಗೆ ಪತ್ರ ಬರೆಯುವುದೆಂದು ನಿಶ್ಚಯ. ಹೊರಗಿನಿಂದ ಪರೀಕ್ಷಿಸದ ಮಾನಿಟರಿಂಗ್ ಮಾನಿಟರಿಂಗ್ ಅಲ್ಲ. ಸಂಜೆ ಮೇಜು ಉಳಿಯಬೇಕು. ಕರೆ ತಲುಪದವರನ್ನೆಲ್ಲ ಕಂಪನಿಯೇ ಕರೆದು ತಪ್ಪು ಒಪ್ಪಬೇಕು. ಸರ್ವರಮ್ಮ ರಸ್ತೆಯ ಕರೆಗಳ ವಿವರ ಬರೆದು ಸಹಿ ಹಾಕಿ ಕೊಡುತ್ತೇನೆಂದಿದ್ದಾಳೆ. ದರ್ಜಿಯೂ ಎರಡು ಸಾಲು ಬರೆದುಕೊಡಲು ಒಪ್ಪಿದ್ದಾಳೆ.

ಜೂನ್ ೭, ಶನಿವಾರ

ಟೆಲಿಫೋನ್ ಕಂಪನಿಯವರು ವಿಳಾಸ ಬದಲಿಸಿದರು. ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಸರ್ವರಮ್ಮ ರಸ್ತೆಗೆ ಇಳಿದು ಮಾಡಿದಳು; ಬಾರಿಸಿತು. ಕೆಳಗಿನಿಂದ ಕೈ ಬೀಸಿದಳು.

ಸಂಜೆಯೆಲ್ಲ ಕಾದೆ. ಯಂತ್ರ ಬಿಟ್ಟು ಬೇರೆ ಯಾರೂ ಇಲ್ಲ. ದಾರಿ ತೆರೆಯಿತು, ನಡೆಯುವವರಿಲ್ಲ.

ಜೂನ್ ೯, ಸೋಮವಾರ. ಸಂಜೆ, ಮೇಜಿನಲ್ಲಿ

ಇಂದು ಗಣಿತ ಪರೀಕ್ಷೆ ಇತ್ತು. ನಾಳೆ ಈ ಫೋನ್ ಎತ್ತಿಕೊಂಡು ಹೋಗುತ್ತಾರೆ. ನನ್ನ ಮೇಜನ್ನು ಮಾನಿಟರಿಂಗಿನಿಂದ ಮಧ್ಯಾಹ್ನವೇ ತೆಗೆದಾಯಿತಂತೆ; ಯಂತ್ರವೂ ಕರೆಯುವುದಿಲ್ಲ. ಫಲಕದಲ್ಲಿ ನನ್ನ ದೀಪವಿದ್ದ ಜಾಗಕ್ಕೆ ಪಕ್ಕದ್ದು ಸರಿದು ಕೂತಿದೆ. ಎಲ್ಲವೂ ಹಸಿರು.

ಸರ್ವರಮ್ಮ ಬಂದು ನಿಂತಳು. ಕೂರಲಿಲ್ಲ. “ನನ್ನ ಸಹಿ ಬೇಡ ಟೀಚರ್. ಈ ಮಾನಿಟರಿಂಗ್ ಕಟ್ಟಿದ್ದು ನಾನೇ ಅಲ್ವಾ, ಮೊದಲು ನನ್ನನ್ನೇ ಕೇಳ್ತಾರೆ.” ಅವಳದು ತಪ್ಪಲ್ಲ. ಹಾಗೆಯೇ ಹೇಳಿದೆ. ಕಣ್ಣೊರೆಸಿಕೊಂಡು ಹೋದಳು.

ಬರುವ ದಾರಿಯಲ್ಲಿ ದರ್ಜಿಯ ಅಂಗಡಿಗೂ ಹೋಗಿದ್ದೆ. ಬರೆದುಕೊಟ್ಟರೆ ಮೂರನೆಯ ಸಲ ಪರೀಕ್ಷೆಗೆ ಹೊರಟಿದ್ದೇ ಎಲ್ಲರಿಗೂ ಗೊತ್ತಾಗುತ್ತದೆ, ಮನೆಯಲ್ಲಿ ಹೇಳಿಲ್ಲ ಎಂದಳು. ನನ್ನ ರವಿಕೆಯ ತೋಳು ಬಿಚ್ಚಿದ್ದನ್ನು ಕಂಡು, ನಿಂತಲ್ಲೇ ಹೊಲಿದುಕೊಟ್ಟಳು.

ಪತ್ರ ಮುಗಿಯಿತು. ಎರಡು ಪುಟ, ಒಂದೂ ಚಿತ್ತಿಲ್ಲ. ಕೆಳಗೆ ಪೂರ್ಣ ಹೆಸರು, ಸೇವಾವಧಿ. ಇಲ್ಲಿ ಪೆಟ್ಟಿಗೆಯ ಕಾಟವಿಲ್ಲ.

ಲಗತ್ತುಗಳು:
೧. ಮೇ ೨೭ರಂದು ಫಲಕ ಇದ್ದ ಸ್ಥಿತಿಯ ಚಿತ್ರ, ಎಲ್ಲ ದೀಪಗಳೂ ಹಸಿರು.
೨. ಅದೇ ದಿನ ರಸ್ತೆಯಿಂದ ಮಾಡಿದ ಕರೆಗಳ ವಿವರ, ಸಹಿ ಇಲ್ಲದ್ದು.
೩. ವಿದ್ಯಾರ್ಥಿನಿಯ —

ಫೋನ್ ಬಾರಿಸುತ್ತಿದೆ.