ಮೊದಲನೆಯ ಅರ್ಥದ ಕಾರ್ಡು

ಮಾರ್ಚ್ ೯, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಕ್ಕನ ತುಂಬು ಪ್ರೀತಿ. ಕ್ಷೇಮವಾಗಿದ್ದೇನೆ ಅಂತ ಬರೆಯುವುದು ರೂಢಿ. ಎಡ ಮೊಣಕಾಲು ಮಾತ್ರ ಒಪ್ಪುತ್ತಿಲ್ಲ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಕೆಲಸದ ಗಡಿಬಿಡಿ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಅದರಲ್ಲಿ ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯಲು ಕೈ ಬರಲಿಲ್ಲ.

ನಮ್ಮ ನಿಘಂಟಿನ ಕಚೇರಿಯಲ್ಲಿ ಈ ಸಲ ನನ್ನ ಪಾಲಿಗೆ ಬಿದ್ದದ್ದು 'ಚೇಸ್' ಎಂಬ ಇಂಗ್ಲಿಷ್ ಪದ. 'ಬೆನ್ನಟ್ಟು' ಅಂತ ಬರೆದು ಕೈ ತೊಳೆದುಕೊಳ್ಳೋಣ ಎಂದುಕೊಂಡಿದ್ದೆ. ಆದರೆ ಇಲ್ಲಿನ ಕಟ್ಟುನಿಟ್ಟು ನಿನಗೆ ಗೊತ್ತಲ್ಲ: ಅರ್ಥಕ್ಕೊಂದು ಕಾರ್ಡು, ಕಾರ್ಡಿನಲ್ಲಿ ಯಾರಾದರೂ ನಿಜವಾಗಿ ಆಡಿದ ಒಂದು ವಾಕ್ಯ, ಮೂಲೆಯಲ್ಲಿ ಆಡಿದವರ ಕಸುಬು. ಕಟ್ಟಿದ ವಾಕ್ಯ ನಡೆಯುವುದಿಲ್ಲ.

ಹಾಗಾಗಿ ಛತ್ರಿ ಹಿಡಿದು ಬೀದಿ ಬೀದಿ ಅಲೆದೆ. ಹಳೇ ಅಚ್ಚುಕೂಟದ ಮುದುಕರು ಒಂದು ಕಬ್ಬಿಣದ ಚೌಕಟ್ಟನ್ನು ತೋರಿಸಿ, "ಇದೇ ಕಣಮ್ಮಾ ಚೇಸು. ಅಕ್ಷರ ಎಲ್ಲಾ ಇದರೊಳಗೆ ಬಿಗಿದಿಡ್ತೀವಿ. ಸಡಿಲ ಬಿಟ್ರೆ ಪುಟ ಪೂರ್ತಿ ನೆಲಕ್ಕೆ" ಎಂದರು. ವೈರಿಂಗ್ ಕೆಲಸದವನು ತಂತಿ ಹುದುಗಿಸಲು ಗೋಡೆಯಲ್ಲಿ ಕೊರೆದ ಉದ್ದನೆಯ ಗೀರನ್ನು ತೋರಿಸಿದ, ಅದೂ ಚೇಸೇ ಅಂತೆ. ಬೆಳ್ಳಿ ಕೆಲಸದವರು ತಟ್ಟೆಯ ಮೇಲೆ ಬಳ್ಳಿಯ ಚಿತ್ತಾರ ಎಬ್ಬಿಸುತ್ತ, "ನಾನೇನೂ ಕೆತ್ತಿ ತೆಗೆಯಲ್ಲ ತಾಯಿ, ಒತ್ತಿ ಒತ್ತಿ ಸರಿಸ್ತೀನಿ ಅಷ್ಟೆ, ಇದಕ್ಕೇ ಚೇಸಿಂಗ್ ಅನ್ನೋದು" ಎಂದರು. ಅವರ ಸುತ್ತಿಗೆಯ ಸದ್ದಿಗೆ ನನಗೆ ಅಲ್ಲೇ ಜೋಂಪು ಹತ್ತಿತು.

ಆ ಜೋಂಪಿನಲ್ಲೊಂದು ಕಾಡು. ಚೇಸ್ ಅಂದರೆ ಬೇಟೆಗೆಂದು ಮೀಸಲಿಟ್ಟ ಕಾಡು ಅಂತಲೂ ಇದೆ, ಬೆಳಗ್ಗೆಯಷ್ಟೇ ಓದಿದ್ದೆ. ಅಲ್ಲಿ ಮರಗಳಿಂದ ಎಲೆಯ ಬದಲು ನಮ್ಮ ಕಾರ್ಡುಗಳು ಉದುರುತ್ತಿದ್ದವು, ಎಲ್ಲವೂ ಖಾಲಿ. ಮುಂದೆ ನೀನು, ಕೈಯಲ್ಲಿ ಮನೆ ಬಿಟ್ಟ ದಿನದ ಆ ನೀಲಿ ಚೀಲ. ನೀನು ಓಡುತ್ತಿರಲಿಲ್ಲ. ಆದರೂ ನಿನ್ನನ್ನು ಮುಟ್ಟಲು ನನಗಾಗಲಿಲ್ಲ.

ಎದ್ದವಳೇ ಕಚೇರಿಗೆ ಬಂದು, ಉಳಿದಿದ್ದ ಮೊದಲನೆಯ ಅರ್ಥಕ್ಕೆ, ಅದೇ 'ಬೆನ್ನಟ್ಟು'ವಿಗೆ, ಕಾರ್ಡು ಬರೆದೆ: 'ಅಕ್ಕ ತಂಗಿಯ ಹಿಂದೆ ಓಡಿದಳು, ಬೀದಿಯ ತಿರುವಿನಲ್ಲಿ ಹಿಡಿದಳು.' ಮೂಲೆಯಲ್ಲಿ 'ಪಕ್ಕದ ಮನೆಯ ದರ್ಜಿ' ಎಂದು ಹಾಕಿದೆ.

ಸಂಪಾದಕರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಇಪ್ಪತ್ತು ವರ್ಷದಲ್ಲಿ ನೀವು ಸುಳ್ಳು ಕಾರ್ಡು ಬರ್ದಿಲ್ಲ. ದರ್ಜಿ ನಿಜವಾಗ್ಲೂ ಹೀಗಂದ್ರಾ?"

"ಇಲ್ಲ ಸರ್."

"ಹಾಗಾದ್ರೆ ನಡೆದಿದ್ದು ತನ್ನಿ" ಎಂದು ಕಾರ್ಡನ್ನು ವಾಪಸು ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಮೇಜಿನ ಮುಂದೆ ಕೂತು ಅತ್ತೆ ಕಣೇ, ಮೂಗು ಒರೆಸಲು ಆ ಕಾರ್ಡನ್ನೇ ಬಳಸಿದೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಟು ನಿನ್ನಲ್ಲಿಗೆ ಬರುತ್ತಿದ್ದೇನೆ. ಒಂದು ಖಾಲಿ ಕಾರ್ಡು ತರುತ್ತೇನೆ. ಬೈದರೂ ಸರಿ, ವಾಕ್ಯ ನಿನ್ನ ಬಾಯಿಂದಲೇ ಬರಬೇಕು. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಿನ್ನ ಹಠ ಎಲ್ಲಿಂದ ಬಂತು ಅಂದುಕೊಂಡಿದ್ದೀ?

ನೂರು ಕಾಲ ನಗುನಗುತ್ತಾ ಬಾಳು, ನನ್ನ ಮೇಲೆ ಸಿಟ್ಟಿದ್ದರೂ.

ನಿನ್ನ
ಅಕ್ಕ

ಮರೆತ ಮಾತು: 'ನಾನು ಮನೆ ಬಿಟ್ಟಾಗ ನೀನು ಸ್ನಾನಕ್ಕೆ ಹೋಗಿದ್ದೆ, ನಿಂಗೆ ಗೊತ್ತೇ ಆಗ್ಲಿಲ್ಲ, ಅಲ್ವಾ ಅಕ್ಕಾ?' ಅಂತ ಕೇಳಿದ್ದೆಯಲ್ಲ. ಗೊತ್ತಾಗಿತ್ತು. ಹಿಂದಿನ ಜಗಳದಲ್ಲಿ 'ಹೋಗೋದಾದ್ರೆ ಹೋಗು' ಅಂದ ಬಾಯಿ ಇನ್ನೂ ಬಿಸಿಯಿತ್ತು. ಕಿಟಕಿಯಿಂದ ನೋಡುತ್ತಿದ್ದೆ. ತಿರುವಿನ ನಲ್ಲಿಯ ಹತ್ತಿರ ನೀನು ಚೀಲ ಕೆಳಗಿಟ್ಟು ಕೈ ಬದಲಿಸಿದೆ. ಕೈ ಬದಲಿಸಲು ಅಷ್ಟು ಹೊತ್ತು ಬೇಡ, ನೀನು ಕಾಯುತ್ತಿದ್ದೆ. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದೆ ಗುಬ್ಬೀ. ಇನ್ನೊಂದು ಕಾಲಿಗೆ ಹಾಕಿಕೊಳ್ಳಲು ಮೂರು ವರ್ಷ ಹಿಡಿಯಿತು.