ಮೂವತ್ತು ಗ್ರಾಂ ನೀರು

ಮಳವಳ್ಳಿ
14 ಜೂನ್ 1946

ಬಸರಾಳಿನಲ್ಲಿ ಹಾಯಾಗಿರುವ ಚಲುವಿಗೆ,

ತಪ್ಪು ನನ್ನದು. ಆದರೂ ನಿನ್ನ ಮೇಲಿನ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯದ ಹೈಸ್ಕೂಲಿನಲ್ಲಿ ನಮ್ಮ ತರಗತಿಗೆ ನಾವಿಬ್ಬರೇ ಹುಡುಗಿಯರು. ವಿಶಿಷ್ಟೋಷ್ಣದ ಸೂತ್ರವನ್ನು ನಾನು ವಾರವಿಡೀ ಉರು ಹೊಡೆದೆ. ನೀನು ಕಡಲೆಕಾಯಿ ಸುಲಿಯುತ್ತ, "ಹಿತ್ತಾಳೆ, ನೀರು ಒಂದೇ ತೂಕ ತಕ್ಕೊ, ಒಂದೇ ಕಾವು ಕೊಡು. ಹಿತ್ತಾಳೆ ಸುಡ್ತದೆ, ನೀರು ಬೆಚ್ಚಗೂ ಆಗಿರಾಕಿಲ್ಲ. ನೀರಿಗೆ ಕಾವು ಜಾಸ್ತಿ ಬೇಕು ಕಣೇ, ಅಷ್ಟೇಯ" ಎಂದುಬಿಟ್ಟೆ. ತಕ್ಷಣ ಅರ್ಥವಾಯಿತು. ಅರ್ಥ ಮಾಡಿಸಿದವಳು ನೀನು ಎಂಬುದನ್ನು ಮಾತ್ರ ಸಹಿಸಲಾಗಲಿಲ್ಲ.

ಪ್ರಯೋಗದಲ್ಲಿ ಮೇಲಾದವಳಿಗೆ ಮೈಸೂರು ಕಾಲೇಜಿನ ಸೀಟಿಗೆ ಶಿಫಾರಸು ಎಂದು ಹುಚ್ಚೀರಯ್ಯ ಮೇಷ್ಟ್ರು ಹೇಳಿದ್ದರು. ಆ ದಿನ ನೀನು ಕ್ಯಾಲೋರಿಮೀಟರಿನ ನೀರನ್ನು ತೂಗಿಟ್ಟು, ಕುದಿಯುವ ಪಾತ್ರೆಯಿಂದ ಹಿತ್ತಾಳೆ ಗುಂಡನ್ನು ತರಲು ತಿರುಗಿದೆ. ನಾನು ನನ್ನ ಲೋಟದಿಂದ ಒಂದು ಗುಟುಕು ನೀರನ್ನು ನಿನ್ನ ಕ್ಯಾಲೋರಿಮೀಟರಿಗೆ ಸುರಿದೆ.

ಹಿತ್ತಾಳೆಯ ವಿಶಿಷ್ಟೋಷ್ಣ 0.09 ಬರಬೇಕಾದಲ್ಲಿ ನಿನಗೆ 0.07 ಬಂತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕಿದರು. ನೀನು ಅಳುತ್ತೀಯೆಂದು ಕಾದೆ. ನೀನೋ, "ಹಿತ್ತಾಳೆ ತಪ್ಪಾಕಿಲ್ಲ ಸಾ, ನೀರೇ ಜಾಸ್ತಿ ಇರಬೇಕು" ಎಂದು ಮತ್ತೆ ತೂಗಿದೆ. ಮೂವತ್ತು ಗ್ರಾಂ ಹೆಚ್ಚಿತ್ತು. ನೀನು ನನ್ನ ಲೋಟವನ್ನು ಒಮ್ಮೆ ನೋಡಿದೆ. ಆಮೇಲೆ ಮೇಷ್ಟ್ರಿಗೆ, "ನಾನೇ ಆಮ್ಯಾಲೆ ವಸಿ ಉಯ್ದೆ ಸಾ, ಬರಿಯೋದು ಮರ್ತೆ" ಎಂದೆ. ಶಿಫಾರಸು ನನಗಾಯಿತು.

ಯಾಕೆ ಹಾಗೆ ಹೇಳಿದೆ? ಜಡೆ ಹಿಡಿದು ಎಳೆದಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ನಿನ್ನ ಬುದ್ಧಿಯ ಮೇಲಿದ್ದ ಹೊಟ್ಟೆಕಿಚ್ಚು ಅಂದಿನಿಂದ ನಿನ್ನ ಮನಸ್ಸಿನ ಮೇಲೂ ಹತ್ತಿಕೊಂಡಿತು.

ಮೊನ್ನೆ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನನ್ನೆದುರಿಗೇ ಶಿಫಾರಸಿನ ಪತ್ರದಲ್ಲಿ ನನ್ನ ಹೆಸರು ಹೊಡೆದುಹಾಕಿ ನಿನ್ನದನ್ನು ಬರೆದರು. ಈ ವಾರ ಅವರ ಕಾಗದ ನಿನಗೆ ತಲುಪುತ್ತದೆ. ಹೋಗಿ ಸೇರು. ನಾನು ಒಳ್ಳೆಯವಳಾದೆ ಎಂದು ತಿಳಿಯಬೇಡ. ನಿನ್ನ ಜಾಗದಲ್ಲಿ ಕೂತು ದಿನವೂ ನಿನ್ನನ್ನು ನೆನೆಯುವುದು ನನ್ನಿಂದಾಗದು. ನೀನು ಅಲ್ಲಿ ಥರ್ಮಾಮೀಟರು ಹಿಡಿದು ನಿಲ್ಲುವುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಉಪಕಾರ ಸ್ಮರಿಸಿ ಕಾಗದ ಬರೆದೀಯ, ಜೋಕೆ.

ನಿನ್ನ
ದೇವಿರಮ್ಮ

ವಿ.ಸೂ.: ಕಾಲೇಜು ಇಲ್ಲದಿದ್ದರೆ ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದರು. ಗಂಡು ಸೋಮನಹಳ್ಳಿಯವರು, ಶ್ರಾವಣದಲ್ಲಿ ಲಗ್ನ. ಆ ದಿನ ನಿನಗೆ ಕಾಲೇಜು ಇರುತ್ತದೆ, ಬರಲಾಗದು. ಅದನ್ನು ವಿಚಾರಿಸಿಕೊಂಡೇ ಒಪ್ಪಿದ್ದೇನೆ.