ನಕ್ಕ ಒಲೆಗೆ ಬೀಗ

ಮಬ್ಬು ವರ್ಷ ನೂರಾ ಆರು,
ಎರಡನೆಯ ಮಾಗಿಯ ನಲವತ್ತೊಂದನೆಯ ದಿನ,
ಕಪ್ಪತಗುಡ್ಡದ ಕೆಳಗಿನ ಕಂಬದೂರು.

ಬಿಸಿಲಿನ ಕಾಲದ ಹಿರಿಯರಿಗೆ ನೀಲಗಂಗವ್ವನ ಶರಣು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಮಾಗಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹೆಚ್ಚು ಕ್ಷಮೆ ಮಾತ್ರ ಕೇಳಲಾರೆ, ಏಕೆಂದರೆ ಆ ಮಾತುಗಳು ಹುಟ್ಟಿದ್ದೇ ನಿಮ್ಮ ದೆಸೆಯಿಂದ. ನಮ್ಮ ವರ್ಷಕ್ಕೆ ಹೆಸರು ಕೊಟ್ಟ ಮಬ್ಬುಪುಡಿ ಎಂದರೆ, ನೀವು ಏರಿಸಿಟ್ಟು ಹೋದ ಕಾವನ್ನು ತಾಳಲಾರದೆ ನಿಮ್ಮ ಮೊಮ್ಮಕ್ಕಳು ಆಕಾಶಕ್ಕೆ ಎರಚಿದ ಪುಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಕಾವೇನೋ ಇಳಿಯಿತು, ಆದರೆ ಮೇಲೆ ಹೋದ ಪುಡಿ ಇವತ್ತಿಗೂ ಕೆಳಗೆ ಬಂದಿಲ್ಲ. ಆ ವರ್ಷದಿಂದ ನಮ್ಮ ಕಾಲದ ಎಣಿಕೆ ಶುರು.

ಈಗ ಬರುವುದು ತೆಳುಬಿಸಿಲು. ಅದರಲ್ಲಿ ನೆರಳು ಬೀಳುವುದಿಲ್ಲ, ಹಪ್ಪಳ ಒಣಗುವುದಿಲ್ಲ, ಸೀರೆ ಒಣಗಲು ವಾರ ಬೇಕು. ಗಾಳಿಯೂ ಸೋಮಾರಿಯಾಗಿದೆ. ಗುಡ್ಡದ ಮೇಲೆ ನೀವು ನಿಲ್ಲಿಸಿದ್ದ ಗಾಳಿಯಂತ್ರಗಳ ರೆಕ್ಕೆಗಳು ಉದುರಿ ಎಷ್ಟೋ ಕಾಲವಾಯಿತು. ಉಳಿದ ಕಂಬಗಳ ಬುಡದಲ್ಲಿ ಗೋಡೆ ಎಬ್ಬಿಸಿ ನಾವು ಸಂಸಾರ ಮಾಡುತ್ತೇವೆ. ಮನೆಗೊಂದು ಉಕ್ಕಿನ ಒಲೆ, ಅದಕ್ಕೆ ಗಾಜಿನ ಬಾಗಿಲು, ಕೆಳಗೊಂದು ಗಾಳಿಕಂಡಿ, ಕಂಬದೊಳಗೆ ಏರಿಹೋಗುವ ಹೊಗೆಕೊಳವೆ. ಅಡುಗೆಗೂ ಅದೇ, ಮೈ ಕಾಯಿಸುವುದಕ್ಕೂ ಅದೇ. ಮರ ಉಂಟು, ಆದರೆ ಕಡಿದ ಕಟ್ಟಿಗೆ ಒಣಗಬೇಕಾದರೆ ಮೂರು ವರ್ಷ ಬೇಕು. ನೀವು ಒಂದೇ ಬೇಸಗೆಯಲ್ಲಿ ಪುಕ್ಕಟೆಯಾಗಿ ಒಣಗಿಸಬಹುದಾಗಿದ್ದ ಕಟ್ಟಿಗೆ! ಅಂಥ ಬಿಸಿಲಿಗೆ ಬೈಯುತ್ತ, ಕೊಡೆ ಹಿಡಿದುಕೊಂಡು ತಿರುಗುತ್ತಿದ್ದಿರಂತೆ. 'ಕಟ್ಟಿಗೆ ಒಲೆಯ ಊಟ' ಎಂದು ಬೋರ್ಡು ಹಾಕಿದ ಹೋಟೆಲಿಗೆ ಊರು ದಾಟಿ ಕಾರಿನಲ್ಲಿ ಹೋಗಿ, ಹೊಗೆವಾಸನೆಗೆಂದೇ ಹೆಚ್ಚು ಹಣ ಕೊಡುತ್ತಿದ್ದಿರಂತೆ. ಕೇಳಿದಾಗ ನಗು ಬರುವುದಿಲ್ಲ, ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಮಗು ಅಕ್ಷರಕ್ಕಿಂತ ಮೊದಲು ಒಲೆ ಕಲಿಯುತ್ತದೆ. ಕಟ್ಟಿಗೆಯ ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಪ್ ಎಂದರೆ ಒಳಗೆ ನೀರಿದೆ, ಮತ್ತೆ ಅಟ್ಟಕ್ಕೆ. ದಪ್ಪ ಸೀಳು ಕೆಳಗೆ, ಸಣ್ಣ ಪುಳ್ಳೆ ಮೇಲೆ ಒಟ್ಟಿ, ಬೆಂಕಿಯನ್ನು ಮೇಲಿನಿಂದ ಹಚ್ಚುತ್ತೇವೆ. ಆಗ ಕೆಳಗಿನ ಕಟ್ಟಿಗೆ ಬಿಡುವ ಹೊಗೆ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕಾಗುತ್ತದೆ, ದಾಟುವಾಗ ಅದೂ ಉರಿದು ಕಾವಾಗುತ್ತದೆ. ಗಾಳಿಕಂಡಿಯನ್ನು ಮೊದಲು ಪೂರ್ತಿ ತೆರೆದಿಟ್ಟು, ಉರಿ ಚೆನ್ನಾಗಿ ಹಿಡಿದ ಮೇಲೆ ಅರ್ಧ ಮುಚ್ಚಬೇಕು. ಒಲೆಗೆ ಗಂಟಲ ತನಕ ಕಟ್ಟಿಗೆ ತುರುಕಿ, ಗಾಳಿ ಮುಚ್ಚಿ, ಬೆಳಗಿನ ತನಕ ಬೂದಿಯೊಳಗೆ ಕುಮುಲಲು ಬಿಟ್ಟು ಅದನ್ನು ಉಳಿತಾಯ ಎಂದು ಕರೆದವರು ನೀವು. ಅದರಲ್ಲಿ ಉಳಿಯುವುದು ಕೊಳವೆಗೆ ಅಂಟಿದ ಜಿಡ್ಡು ಮಸಿಯೊಂದೇ. ಸರಿಯಾಗಿ ಉರಿದ ಒಲೆಯ ಕೊಳವೆಯ ಬಾಯಲ್ಲಿ ಹೊಗೆ ಕಾಣಿಸುವುದಿಲ್ಲ, ಬಿಸಿಗಾಳಿ ನಡುಗುವುದಷ್ಟೇ ಕಾಣಿಸುತ್ತದೆ.

ಹೊಗೆ ಕಂಡರೆ ಹೊಗೆಗಾವಲಿನವರು ಬರುತ್ತಾರೆ. ಗಾಳಿ ಬೀಸದ ಊರಿನಲ್ಲಿ ಒಂದು ಮನೆಯ ಹೊಗೆ ಇಳಿದು ಹತ್ತು ಮನೆಯವರ ಎದೆಯಲ್ಲಿ ಕೂರುತ್ತದೆ. ಅದಕ್ಕೇ ಅವರು ಎತ್ತರದ ಕಂಬದ ಮೇಲೆ ಕೂತು ಕಾಯುತ್ತಾರೆ. ತಪ್ಪು ಮಾಡಿದ ಒಲೆಯ ಬಾಗಿಲಿಗೆ ಯುಗಾದಿಯ ತನಕ ಬೀಗ. ಕಾನೂನು ಕೆಟ್ಟದ್ದೆಂದು ನಾನು ಹೇಳಲಾರೆ, ಬೀಗ ಬಿದ್ದದ್ದು ನಮ್ಮ ಮನೆಗೇ ಆದರೂ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಗುರುಸಿದ್ದವ್ವ, ಇಬ್ಬರೇ. ಅತ್ತೆಗೆ ಎದೆಯ ಕೆಮ್ಮು. ಒಲೆಯ ಕಾವಿನಲ್ಲೇ ಅವಳ ಜೀವ ನಿಂತಿದೆ. ಅವಳ ಮಗಳು ಶಾವಂತ್ರವ್ವನನ್ನು ತುಂಗಭದ್ರೆಯ ಆಚೆಗೆ ಕೊಟ್ಟಿದೆ. ಯಾರೂ ಯಾರ ಮನೆಗೂ ಸುಮ್ಮನೆ ಹೋಗದ ಕಾಲ ಇದು. ಹೋದವರು ಉಣ್ಣುವ ರೊಟ್ಟಿಗೆ, ಕಾಯಿಸುವ ಮೈಗೆ ಬೇಕಾದ ಕಟ್ಟಿಗೆಯನ್ನು ತಾವೇ ಹೊತ್ತು ತರಬೇಕೆಂಬುದು ಕಟ್ಟಳೆ. ಹಾಗಾಗಿ ತಾಯಿ ಮಗಳ ಮುಖ ನೋಡಿ ವರ್ಷಗಳಾಗಿದ್ದವು.

ನಿಮ್ಮಿಂದ ಉಳಿದು ಬಂದ ಒಂದು ನಂಬಿಕೆ ನಮ್ಮಲ್ಲಿದೆ. ಒಲೆಯ ಬೆಂಕಿ ಗುರುಗುರು ಸದ್ದು ಮಾಡಿದರೆ ಒಲೆ ನಕ್ಕಿತು, ಮನೆಗೆ ಬೀಗರು, ಅಂದರೆ ನೆಂಟರು, ಬರುತ್ತಾರೆ ಎನ್ನುವುದು. ನಮ್ಮ ಒಣ ಕಟ್ಟಿಗೆ ನಗುವುದೇ ಇಲ್ಲ. ಹಸಿ ಕಟ್ಟಿಗೆಯ ತುದಿಯಿಂದ ಉಗಿ ನುಗ್ಗಿದಾಗಲೇ ಆ ಸದ್ದು. ಈ ಮಾಗಿಯ ಮೊದಲಲ್ಲಿ ನಾನು ಹಿಟ್ಟಿಗೆಂದು ಗಿರಣಿಗೆ ಹೋಗಿದ್ದಾಗ ಅತ್ತೆ ಹಸಿ ಬೇವಿನ ಟೊಂಗೆ ಮುರಿದು ಒಲೆಗಿಟ್ಟಳು. ನಾನು ತಿರುಗಿ ಬರುವಾಗ ಕಂಬದ ತುದಿಯಿಂದ ದಟ್ಟ ಹೊಗೆ ಸುರಿಯುತ್ತಿತ್ತು. ಒಳಗೆ ಒಲೆ ನಗುತ್ತಿತ್ತು, ಎದುರಿಗೆ ಕೂತ ಅತ್ತೆಯೂ ನಗುತ್ತಿದ್ದಳು.

"ಏನ್ ಮಾಡಿದಿ ಅತ್ತಿ!" ಎಂದು ಕೂಗಿದೆ.

"ಶಾವಂತ್ರಿ ಮಾರಿ ನೋಡಬೇಕನಸ್ತು. ಒಲಿ ನಗಲಿಲ್ಲಂದ್ರ ಆಕಿ ಹೆಂಗ ಬರ್ತಾಳ?" ಎಂದಳು.

ಗಾವಲಿನವರು ಬಂದಾಗ ಅವಳು ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. "ಬರ್ರಿ, ಕಾಲಿಗೆ ನೀರು ತಗೋರಿ." ಅವರಲ್ಲಿ ಹಿರಿಯನಾದವನು ತಲೆ ತಗ್ಗಿಸಿ, "ನಾವು ಬೀಗರಲ್ಲಬೇ ಯವ್ವಾ," ಎಂದ. ಬೀಗರು ಬರಲಿಲ್ಲ, ಬೀಗ ಬಂತು. ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೂ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ಅವಳನ್ನು ಒಳಗೆ ಕೂರಿಸಿದೆ.

ಬೀಗ ಬಿದ್ದ ಮನೆಯ ಹೆಸರು ಡಂಗುರದಲ್ಲಿ ಊರಿಂದೂರಿಗೆ ಹೋಗುತ್ತದೆ. ಹೊಳೆಯಾಚೆ ಅದನ್ನು ಕೇಳಿದ ಶಾವಂತ್ರವ್ವ ತನ್ನ ಮನೆಯ ಒಣ ಕಟ್ಟಿಗೆಯ ಹೊರೆ ಹೊತ್ತು, ದಿನಗಟ್ಟಲೆ ನಡೆದು ಬಂದೇ ಬಿಟ್ಟಳು. ಬೀಗ ಹಾಕಿದ ಒಲೆಗೆ ಒಣ ಕಟ್ಟಿಗೆಯಾದರೇನು, ಹಸಿಯಾದರೇನು? ನೆರೆಮನೆಯವರು ಕೊಟ್ಟ ತಣ್ಣನೆಯ ರೊಟ್ಟಿ ಮುರಿದುಕೊಂಡು, ಒಂದೇ ಕಂಬಳಿಯಲ್ಲಿ ಮೂವರೂ ಕೂತೆವು, ನಡುವೆ ಆ ಹೊರೆ. ಅತ್ತೆ ಎರಡು ಸೀಳು ತೆಗೆದು ಕಿವಿಯ ಹತ್ತಿರ ಬಡಿದು ನೋಡಿದಳು. "ಟಣ್ ಅಂತೈತಿ ನೋಡ, ಏನ್ ಚಂದ ಒಣಗೈತಿ!" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಒಲಿ ನಕ್ರ ಬೀಗರು ಬರ್ತಾರಂತ ನಾ ಹೇಳಿದ್ನೋ ಇಲ್ಲೋ?" ಎಂದು ಗೆದ್ದವಳ ಹಾಗೆ ನಕ್ಕಳು. ಆ ನಗು ಕೆಮ್ಮಿಗೆ ತಿರುಗಿತು, ಇನ್ನೂ ನಿಂತಿಲ್ಲ. ಯುಗಾದಿ ದೂರವಿದೆ.

ನಿಮ್ಮನ್ನು ಕೇಳುವುದು ಇಷ್ಟೇ. ಆ ಬಿಸಿಲು ಇರುವಾಗಲೇ ಕಟ್ಟಿಗೆಯನ್ನು ಒಣಗಿಸಿ, ಕಡಿಮೆ ಸುಡಿ, ಸರಿಯಾಗಿ ಸುಡಿ. ಎಂದಾದರೂ ನಿಮ್ಮ ಮನೆಯ ಒಲೆ ನಕ್ಕರೆ ಯಾರು ಬಂದರೆಂದು ಬಾಗಿಲ ಕಡೆ ನೋಡಬೇಡಿ. ಬರುವ ಬೀಗರು ನಾವೇ. ದಾರಿ ದೂರ, ನಿಧಾನವಾಗಿ ಬರುತ್ತಿದ್ದೇವೆ. ನಮ್ಮ ಕಟ್ಟಳೆಯ ಪ್ರಕಾರ ನಮ್ಮ ಪಾಲಿನ ಕಟ್ಟಿಗೆಯನ್ನು ನಾವೇ ಹೊತ್ತು ತರಬೇಕಿತ್ತು. ಅದನ್ನು ನೀವು ಆಗಲೇ ಸುಟ್ಟಿದ್ದೀರಿ, ಬರಿಗೈಯಲ್ಲಿ ಬರುತ್ತೇವೆ.